ನರಿಮರಿಯ ಅಂಗಿಗುಂಡಿ

ದರ್ಜಿ ದೊಡ್ಡಮ್ಮನ ಅಂಗಡಿಗೆ ಬಂದವರು ವಯಸ್ಸು ಮುಚ್ಚಿಡಬಹುದು, ಸಂಬಳ ಮುಚ್ಚಿಡಬಹುದು. ಸೊಂಟದ ಸುತ್ತಳತೆಯನ್ನು ಮಾತ್ರ ಮುಚ್ಚಿಡಲಾರರು. "ಉಸಿರು ಬಿಡಿ ಸ್ವಾಮಿ, ನನ್ನ ಮುಂದೆ ಹೊಟ್ಟೆ ಒಳಗೆಳ್ಕೊಂಡು ಏನು ಬಂತು? ನಾಳೆ ಊಟಕ್ಕೆ ಕೂತಾಗ ಗುಂಡಿ ಹಾರಿದ್ರೆ ಬೈಯೋದು ನನ್ನನ್ನೇ" ಎಂದು ಅವಳು ಟೇಪು ಎಳೆದರೆ ಎಂಥ ಅಧಿಕಾರಿಯೂ ಉಸಿರು ಬಿಡುತ್ತಿದ್ದ. ಮನುಷ್ಯರ ಬಾಯಿ ಸುಳ್ಳು ಹೇಳಿದರೂ ಮೈಮೇಲಿನ ಬಟ್ಟೆ ನಿಜ ಹೇಳಿಬಿಡುತ್ತದೆ ಎಂಬುದು ಅವಳ ನಲವತ್ತು ವರ್ಷದ ನಂಬಿಕೆ.

ಅವಳನ್ನು ಬೀದಿಯವರೆಲ್ಲ ದೊಡ್ಡಮ್ಮ ಎನ್ನುವುದಕ್ಕೆ ಕಾರಣ ಅವಳ ತಂಗಿಯ ಮಗಳು. ತಂಗಿ ಆಸ್ಪತ್ರೆಯಲ್ಲಿ ನರ್ಸು. ಪಾಳಿ ಕೆಲಸದವಳಾದ್ದರಿಂದ ಮಗಳು ನಡೆಯಲು ಕಲಿತದ್ದೇ ಹೊಲಿಗೆ ಯಂತ್ರದ ಸುತ್ತ. ಯಂತ್ರದೊಳಗಿನ ದಾರದ ಉರುಳೆಯಂತೆ ಗಿರಗಿರನೆ ಸುತ್ತುತ್ತಿದ್ದವಳಿಗೆ ಆಗ ಬಾಬಿನ್ ಎಂದು ಹೆಸರು ಬಿತ್ತು. ಈಗ ಹದಿನೈದು ತುಂಬಿದರೂ ಹೆಸರು ಹೋಗಿಲ್ಲ, ಸುತ್ತುವುದೂ ನಿಂತಿಲ್ಲ.

ಬುಧವಾರ ಸಂಜೆ ಬಾಬಿನ್ ಇಸ್ತ್ರಿ ಮೇಜಿಗೆ ಒರಗಿ ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಳು.

"ದೊಡ್ಡಮ್ಮ, ಒಂದು ಕೇಳ್ಲಾ? ಬೈಯಬಾರ್ದು."

"ಬೈಯೋ ವಿಷಯ ಅಂತ ನೀನೇ ತೀರ್ಪು ಕೊಟ್ಟಾಯ್ತಲ್ಲ. ಹೇಳು."

"ಶನಿವಾರ ಮಧ್ಯಾಹ್ನ ಲೈಬ್ರರಿಗೆ ಹೋಗ್ಲಾ? ನರಿಮರಿ ಬರ್ತಾಳೆ. ಮೊದಲ ಸಲ ನೋಡೋದು. ಅಮ್ಮ, ದೊಡ್ಡಮ್ಮನ್ನ ಕೇಳು ಅಂದ್ಲು."

ನರಿಮರಿ ಎಂದರೆ ಫೋನಿನೊಳಗಿನ ಗೆಳತಿ. ಬಾಬಿನ್ ಅಂಗಡಿಯ ಚೂರುಬಟ್ಟೆಗಳಲ್ಲಿ ಬೆರಳಿಗೆ ತೊಡಿಸುವ ಗೊಂಬೆಗಳನ್ನು ಹೊಲಿದು, ಕುಣಿಸಿ, ವಿಡಿಯೋ ತೆಗೆದು ಒಂದು ಗುಂಪಿಗೆ ಹಾಕುತ್ತಿದ್ದಳು. ಅದಕ್ಕೆ ಅಲ್ಲೆಲ್ಲೋ ಕುಳಿತು ಪದ್ಯ ಕಟ್ಟಿ, ದನಿ ಸೇರಿಸಿ ಕಳಿಸುತ್ತಿದ್ದವಳು ಈ ನರಿಮರಿ. ಅಲ್ಲಿ ಬಾಬಿನ್‌ಳ ಹೆಸರು ಸೂಜಿಮೊನೆ. ಎಂಟು ತಿಂಗಳಲ್ಲಿ ಇಬ್ಬರೂ ಸೇರಿ ಹನ್ನೊಂದು ಆಟ ಕಟ್ಟಿದ್ದರು. ಮುಖ ತೋರಿಸಬೇಡ, ಶಾಲೆಯ ಹೆಸರು ಹೇಳಬೇಡ, ಮನೆಯ ಬಾಗಿಲೂ ಕಾಣಬಾರದು ಎಂದು ಕಟ್ಟುಪಾಡು ಹಾಕಿದವಳು ದೊಡ್ಡಮ್ಮನೇ. ಬಾಬಿನ್ ಅದನ್ನು ಮೀರಿರಲಿಲ್ಲ.

"ಅವಳ ಫೋಟೋ ಇದ್ಯಾ?"

ಇತ್ತು. ಕುತ್ತಿಗೆಯಿಂದ ಕೆಳಗೆ ಮಾತ್ರ. ಒಂದು ಕೈಯಲ್ಲಿ ನರಿಯ ಗೊಂಬೆ, ಮೈಮೇಲೆ ಗೆರೆಗೆರೆಯ ಅಂಗಿ. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡಳು. ಹೆಂಗಸರ ಅಂಗಿಗೆ ಗುಂಡಿ ಎಡಕ್ಕೆ, ಗಂಡಸರ ಅಂಗಿಗೆ ಬಲಕ್ಕೆ. ಇಲ್ಲಿ ಗುಂಡಿಗಳೆಲ್ಲ ಸಾಲಾಗಿ ಬಲಕ್ಕಿದ್ದವು.

"ದನಿ ಕೇಳಿಸು ನೋಡೋಣ."

ಫೋನಿನಿಂದ ರಾಕ್ಷಸನ ಗೊಂಬೆ ಗುಡುಗಿತು:

ಎದ್ದನು ರಕ್ಕಸ, ಗುದ್ದಿದ ಬೆಟ್ಟಕೆ,
ಬಿದ್ದಿತು ಬೆಟ್ಟ ಅವನದೆ ಕಾಲಿಗೆ!

"ಎಂಥ ದನಿ ಬೇಕಾದ್ರೂ ತೆಗೀತಾಳೆ" ಎಂದು ಬಾಬಿನ್ ನಕ್ಕಳು. ದೊಡ್ಡಮ್ಮನಿಗೆ ನಗು ಬರಲಿಲ್ಲ. ದರ್ಜಿಯೇ ಆಗಿದ್ದ ಅವಳಪ್ಪ ಬಟ್ಟೆ ಕತ್ತರಿಸುವಾಗಲೆಲ್ಲ ಪದ್ಯ ಹೇಳುತ್ತಿದ್ದವನು. ಕತ್ತರಿಯ ಕಚಕಚಕ್ಕೂ ಪದ್ಯದ ನಡಿಗೆಗೂ ತಾಳ ತಪ್ಪಿದ್ದನ್ನು ಅವಳು ಕೇಳಿಲ್ಲ. ಆ ಕಿವಿಗೆ ತಿಳಿಯಿತು, ಈ ಪ್ರಾಸ ಪಳಗಿದ ಕೈಯದು, ಈ ದನಿ ಅರವತ್ತು ದಾಟಿದ ಗಂಡಸಿನದು.

ಬೇಡ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಹುಡುಗಿಯ ಕಣ್ಣು ಕಂಡಿತು. ಇವತ್ತು ಇವಳು ಬಂದು ಕೇಳಿದ್ದಾಳೆ. ಇವತ್ತು ಬೇಡವೆಂದರೆ ಇನ್ನೊಂದು ದಿನ ಕೇಳದೆಯೇ ಹೋದಾಳು. ಕೇಳುವ ಈ ಅಭ್ಯಾಸ ಒಂದು ಸಲ ತಪ್ಪಿತೆಂದರೆ ಮತ್ತೆ ಯಾವ ದಾರದಿಂದ ಹೊಲಿಯುವುದು?

"ಹೋಗು" ಎಂದಳು.

"ನೀನು ಬರಲ್ಲ ತಾನೆ?"

"ನನಗೆ ನಾಲ್ಕು ಕೋಟು ಬಾಕಿ ಇದೆ ಕಣೆ, ನಾನೆಲ್ಲಿ ಬರ್ಲಿ."

ಹುಡುಗಿ ಆಚೆ ಹೋದದ್ದೇ ತಡ, ಹಲಗೆಯ ಗೋಡೆಯಾಚೆಯಿಂದ ಪಕ್ಕದ ಕ್ಷೌರದಂಗಡಿಯವನ ದನಿ ಬಂತು. "ಅಕ್ಕ, ಶನಿವಾರ ಎಷ್ಟೊತ್ತಿಗೆ ಹೊರಡೋಣ?"

"ನೀನು ಕೇಳಿಸ್ಕೊಂಡ್ಯಾ?"

"ನಾನೆಲ್ಲಿ ಕೇಳಿಸ್ಕೊಂಡೆ? ಗೋಡೆ ಹೇಳ್ತು."

ಶನಿವಾರ ಬಾಬಿನ್ ಗೊಂಬೆಗಳ ಚೀಲ ಹೆಗಲಿಗೇರಿಸಿ ಹೋದ ಕಾಲು ಗಂಟೆಗೆ ಕ್ಷೌರದಂಗಡಿಯವನು ಬಾಗಿಲಿಗೆ 'ಈಗ ಬಂದೆ' ಎಂಬ ಹಲಗೆ ತೂಗುಹಾಕಿದ. ಒಳಗೆ ಒಬ್ಬ ಗಿರಾಕಿ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕುಳಿತೇ ಇದ್ದ.

ಲೈಬ್ರರಿಯ ಓದುವ ಕೋಣೆ ಉದ್ದಕ್ಕಿತ್ತು. ಕಿಟಕಿಯ ಬಳಿಯ ದುಂಡು ಮೇಜಿನಲ್ಲಿ ಬಾಬಿನ್ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ದೊಡ್ಡಮ್ಮ ಹಿಂದಿನ ಸಾಲಿನಲ್ಲಿ ಒಂದು ಭೂಪಟದ ಪುಸ್ತಕ ಬಿಡಿಸಿಕೊಂಡು ಸಾಗರವೊಂದರ ಹಿಂದೆ ಅಡಗಿದಳು. ಕ್ಷೌರದಂಗಡಿಯವನು ಅವಳ ಪಕ್ಕ ಕುಳಿತು ಓದುವವರ ತಲೆಗಳನ್ನೇ ಓದತೊಡಗಿದ.

"ಅಕ್ಕ" ಎಂದು ಪಿಸುಗುಟ್ಟಿದ. "ಆ ಕಂಬದ ಹತ್ರ ಪೇಪರ್ ಹಿಡಿದಿರೋ ಯಜಮಾನ್ರು. ನಿನ್ನೆಯೋ ಇವತ್ತೋ ತಲೆ ಕತ್ತರಿಸಿಕೊಂಡಿದ್ದಾರೆ. ಕಿವಿ ಹಿಂದೆ ನೋಡಿ, ಸುಣ್ಣ ಹೊಡೆದ ಹಾಗೆ ಬೆಳ್ಳಗಿದೆ. ಪೇಪರ್ ಓದಕ್ಕೆ ಇಷ್ಟು ಸಿಂಗಾರ ಯಾಕಂತೆ?"

ದೊಡ್ಡಮ್ಮ ಇಣುಕಿದಳು. ಅರವತ್ತರ ಮೇಲಿನ ಆಸಾಮಿ, ಹೊಚ್ಚ ಹೊಸ ಕೋಟು. ಎಷ್ಟು ಹೊಸದೆಂದರೆ, ಹಿಂಭಾಗದ ಸೀಳು ಬಿಚ್ಚಿಕೊಳ್ಳದಿರಲೆಂದು ಅಂಗಡಿಯವರು ಅಡ್ಡಡ್ಡ ಹಾಕಿದ ಬಿಳಿ ದಾರದ ಹೊಲಿಗೆಯೂ ಹಾಗೇ ಇತ್ತು. ಕೊಂಡವರು ತೊಡುವ ಮುಂಚೆ ಕತ್ತರಿಸಬೇಕಾದ ದಾರ ಅದು. ಅದನ್ನು ಕಂಡು ಅವಳ ಬೆರಳು ಜುಮ್ಮೆಂದವು. ಆದರೆ ಬೆರಳಿಗಿಂತ ಮುಂಚೆ ಮನಸ್ಸು ಕುದಿಯಿತು. ಪೇಪರಿನ ಮೇಲಿಂದ ಆ ಕಣ್ಣುಗಳು ನೆಟ್ಟದ್ದು ಬಾಬಿನ್‌ಳ ಬೆನ್ನಿನ ಮೇಲೆ.

ಯಜಮಾನ ಪೇಪರ್ ಮಡಚಿದ, ಎದ್ದ, ಸದ್ದಾಗದಂತೆ ದುಂಡು ಮೇಜಿನ ಕಡೆ ಹೆಜ್ಜೆ ಹಾಕಿದ.

ದೊಡ್ಡಮ್ಮ ಸಾಗರವನ್ನು ಮೇಜಿನ ಮೇಲೆ ಬಿಸಾಕಿ ಹಿಂದೆಯೇ ಧಾವಿಸಿದಳು. ಮೂರನೇ ಹೆಜ್ಜೆಗೆ ಕೋಟಿನ ಹಿಂತುದಿ ಕೈಗೆ ಸಿಕ್ಕಿತು. ಹಿಡಿದಳು. ಹಿಡಿದು ಏನೆನ್ನಬೇಕೆಂದು ಯೋಚಿಸುವಷ್ಟರಲ್ಲಿ ಆ ಅಡ್ಡದಾರ ಕಣ್ಣಿಗೆ ರಾಚಿತು. ನಲವತ್ತು ವರ್ಷದ ಅಭ್ಯಾಸ. ಎಡಗೈ ಕಳ್ಳನನ್ನು ಹಿಡಿದೇ ಇತ್ತು, ಬಲಗೈ ಚೀಲದಿಂದ ಕತ್ತರಿ ತೆಗೆದು ಕಚಕ್ಕೆಂದು ದಾರ ಕತ್ತರಿಸಿತು.

ಯಜಮಾನ ತಿರುಗಿ ನೋಡಿದ. ಬೆನ್ನ ಹಿಂದೆ ಒಬ್ಬ ಹೆಂಗಸು, ಅವಳ ಕೈಯಲ್ಲಿ ಒಂಬತ್ತು ಅಂಗುಲದ ಕತ್ತರಿ.

"ಕತ್ತರಿ! ಕತ್ತರಿ!"

ಎಂಥ ದನಿ ಅದು! ಕಿಟಕಿಯ ಗಾಜು ಗಲಗಲಿಸಿತು. ತೂಕಡಿಸುತ್ತಿದ್ದ ಮೂವರು ಎದ್ದು ನಿಂತರು. ಒಬ್ಬರು ರೈಲು ಬಂತೆಂದು ಚೀಲ ಎತ್ತಿಕೊಂಡರು.

"ದೊಡ್ಡಮ್ಮಾ!" ಎಂದಳು ಬಾಬಿನ್.

"ತಾತಾ!" ಎಂದಿತು ಪುಸ್ತಕದ ಕಪಾಟಿನ ಹಿಂದಿನಿಂದ ಇನ್ನೊಂದು ದನಿ. ಅಲ್ಲಿಂದ ಎರಡು ಜಡೆಯ, ಗೆರೆಗೆರೆಯ ಅಂಗಿಯ ಹುಡುಗಿಯೊಬ್ಬಳು ಹೊರಬಂದಳು. ಬಲಗೈಯಲ್ಲಿ ನರಿಯ ಗೊಂಬೆ.

ಹುಡುಗಿಯರು ತಂತಮ್ಮ ಹಿರಿಯರನ್ನು ಒಂದು ಸಲ ಸುಟ್ಟುಬಿಡುವಂತೆ ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು.

"ಸೂಜಿ?"

"ನರಿ?"

ಮುಂದೆ ಯಾರ ಕೈ ಯಾರ ಕೊರಳಿಗೆ ಬಿತ್ತೆಂದು ಬಿಡಿಸಿ ಹೇಳಲು ಬರುವುದಿಲ್ಲ. ಲೈಬ್ರರಿಯಮ್ಮ ಬಂದು 'ಮೌನ' ಎಂಬ ಹಲಗೆಯನ್ನೂ ಹೊರಬಾಗಿಲನ್ನೂ ಒಂದೇ ಬೆರಳಲ್ಲಿ ತೋರಿಸಿದರು. ಐವರೂ ತಲೆ ತಗ್ಗಿಸಿ ಹೊರಗಿನ ಮೆಟ್ಟಿಲಿಗೆ ಬಂದು ಕೂತರು.

"ಅಲ್ರೀ, ನನ್ನ ಮಗು ಹತ್ರ ಕಳ್ಳಹೆಜ್ಜೆ ಇಟ್ಕೊಂಡು ಯಾಕೆ ಬಂದ್ರಿ?" ದೊಡ್ಡಮ್ಮ ಕೇಳಿದಳು.

"ಅದು ಹುಡುಗಿನೋ ಅಲ್ವೋ ಅಂತ ನೋಡೋಕೆ ತಾಯಿ! ವಿಡಿಯೋದಲ್ಲಿ ಒಂದು ಸಲ ಸೂಜಿಮೊನೆಯ ಕೈ ಕಂಡಿತ್ತು. ಬೆರಳ ತುದಿಗೆಲ್ಲ ಸೂಜಿ ಚುಚ್ಚಿದ ಗಂಟು. ಹದಿನೈದರ ಹುಡುಗಿ ಕೈಯಾ ಅದು? ಯಾವಳೋ ಮುದುಕಿ ವಯಸ್ಸು ಸುಳ್ಳು ಹೇಳ್ತಿದ್ದಾಳೆ ಅಂದ್ಕೊಂಡೆ."

"ಅದು ನನ್ನ ಕೈ! ರಾಕ್ಷಸನ ತೋಳು ಕಿತ್ತುಹೋಗಿತ್ತು, ಹೊಲಿದುಕೊಟ್ಟೆ. ಮುದುಕಿಯಂತೆ! ಮತ್ತೆ ಆ ರಾಕ್ಷಸನ ದನಿ ಯಾರದು?"

"ನನ್ನದೇ" ಎಂದರು ತಾತ, ಸ್ವಲ್ಪ ಹೆಮ್ಮೆಯಿಂದ. "ರೈಲ್ವೆ ಸ್ಟೇಷನ್‌ನಲ್ಲಿ ಮೂವತ್ತು ವರ್ಷ ಅನೌನ್ಸ್ ಮಾಡಿದ ಗಂಟಲು. ಪದ್ಯ ಮೊಮ್ಮಗಳದು, ಪ್ರಾಸ ತಪ್ಪಿದ್ರೆ ನಾನು ಕಿವಿ ಹಿಂಡ್ತೀನಿ."

"ಹೋಗ್ಲಿ, ಇವಳ್ಯಾಕೆ ಗಂಡಸರ ಅಂಗಿ ಹಾಕ್ಕೊಂಡಿದ್ದು ಫೋಟೋದಲ್ಲಿ? ಗುಂಡಿ ಬಲಕ್ಕಿತ್ತು!"

ನರಿಮರಿ ತನ್ನ ಅಂಗಿ ನೋಡಿಕೊಂಡಳು. ಗುಂಡಿಗಳು ಎಡಕ್ಕೇ ಇದ್ದವು. "ಅದು ಕನ್ನಡಿ ಮುಂದೆ ತೆಗೆದ ಫೋಟೋ ಅಲ್ವಾ ಅಜ್ಜಿ."

ದೊಡ್ಡಮ್ಮ ಹಣೆ ಚಚ್ಚಿಕೊಂಡಳು. ನಲವತ್ತು ವರ್ಷ ಗಿರಾಕಿಗಳನ್ನು ಕನ್ನಡಿ ಮುಂದೆ ನಿಲ್ಲಿಸಿದವಳು ಕನ್ನಡಿಯನ್ನೇ ಮರೆತಿದ್ದಳು. ಕ್ಷೌರದಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಇಬ್ಬರೂ ಮಕ್ಕಳಿಗೆ ಮುಖ ತೋರಿಸಬೇಡಿ ಅಂತ ಹೇಳ್ಕೊಟ್ರಿ. ಆಮೇಲೆ ಮುಖ ಯಾಕೆ ತೋರಿಸಲ್ಲ ಅಂತ ಅನುಮಾನ ಪಟ್ರಿ. ಚೆನ್ನಾಗಿದೆ ಯಜಮಾನ್ರೇ, ಚೆನ್ನಾಗಿದೆ ಅಕ್ಕ!" ನಗುನಗುತ್ತಲೇ ಅವನಿಗೆ ನೊರೆಯ ಗಿರಾಕಿ ನೆನಪಾಗಿರಬೇಕು, "ಅಯ್ಯಯ್ಯೋ" ಎನ್ನುತ್ತಾ ಎರಡೆರಡು ಮೆಟ್ಟಿಲು ಹಾರಿ ಓಡಿದ.

ನಗು ಇಳಿದ ಮೇಲೆ ಬಾಬಿನ್ ತಿರುಗಿದಳು. "ಬರಲ್ಲ ಅಂದಿದ್ದೆ ದೊಡ್ಡಮ್ಮ. ನಾನು ನಿನ್ನ ಕೇಳಿ ಬಂದಿದ್ದೆ."

ಕೋಟು, ಬಾಕಿ ಕೆಲಸ ಎಂದೇನೂ ದೊಡ್ಡಮ್ಮ ಹೇಳಲಿಲ್ಲ. "ಹೌದು. ಸುಳ್ಳು ಹೇಳ್ದೆ. ಹೆದರಿಕೆ ಆಯ್ತು ಅಂತ ಮುಖಕ್ಕೆ ಹೇಳ್ಬೇಕಿತ್ತು. ನಂದೇ ತಪ್ಪು."

ನರಿಮರಿ ಬಾಬಿನ್‌ಳನ್ನು ಮೊಣಕೈಯಿಂದ ತಿವಿದಳು. "ಹೇಳೇ. ಗಿಣಿ ವಿಷಯ ಹೇಳು."

"ಯಾವ ಗಿಣಿ?"

ಗಿಣಿಯ ಚಿತ್ರ ಹಾಕಿಕೊಂಡವನೊಬ್ಬ ಹೋದ ತಿಂಗಳು ಗುಂಪಿಗೆ ಬಂದಿದ್ದ. ಮೊದಲು ಗೊಂಬೆ ಚೆನ್ನಾಗಿದೆ ಎಂದ, ಆಮೇಲೆ ನೀನು ಇನ್ನೂ ಚೆನ್ನಾಗಿರಬೇಕು ಎಂದ, ಒಂದು ಫೋಟೋ ಕಳಿಸು, ಮನೆ ಎಲ್ಲಿ, ಯಾರಿಗೂ ಹೇಳಬೇಡ ಎಂದ. ಬಾಬಿನ್ ನರಿಮರಿಗೆ ಹೇಳಿದಳು. ಉತ್ತರ ಕೊಡಬೇಡ, ಅವನ ಮೆಸೇಜುಗಳನ್ನೆಲ್ಲ ತೆಗೆದಿಡು, ಬ್ಲಾಕ್ ಮಾಡಿ ಅವನ ದಾರಿ ಮುಚ್ಚು, ದೊಡ್ಡವರಿಗೆ ಹೇಳು ಎಂದು ನರಿಮರಿ ಬರೆದಿದ್ದಳು. ಬಾಬಿನ್ ಮೊದಲಿನ ಮೂರನ್ನು ಮಾಡಿದ್ದಳು. ನಾಲ್ಕನೆಯದು ಬಾಕಿ ಉಳಿದಿತ್ತು.

ದೊಡ್ಡಮ್ಮನ ಕೈ ತಾನಾಗಿ ಹುಡುಗಿಯ ಫೋನಿನ ಕಡೆ ಹೋಯಿತು. ಅರ್ಧ ದಾರಿಯಲ್ಲಿ ಅವಳು ಆ ಕೈಯನ್ನು ತಡೆದು ತನ್ನ ಮಡಿಲಲ್ಲಿಟ್ಟುಕೊಂಡಳು.

"ಒಂದು ತಿಂಗಳು ಒಬ್ಬಳೇ ಹೊತ್ಕೊಂಡು ತಿರುಗಿದ್ಯಾ? ಯಾಕೆ ಹೇಳ್ಲಿಲ್ಲ?"

"ಫೋನ್ ಕಿತ್ಕೊಳ್ತೀಯ ಅಂತ."

"ಕಿತ್ಕೊಳ್ತಿದ್ದೆ" ಎಂದಳು ದೊಡ್ಡಮ್ಮ. "ಅಲ್ಲಿಗೆ ನಿನ್ನನ್ನ ಕಾಪಾಡಿದವಳನ್ನೇ ದೂರ ಮಾಡ್ತಿದ್ದೆ."

"ಈಗ?"

"ಈಗ ಕಿತ್ಕೊಳ್ಳಲ್ಲ. ಈ ಮೆಟ್ಟಿಲ ಮೇಲೆ ಕೂತು ದೇವರಾಣೆಗೂ ಹೇಳ್ತೀನಿ. ಸಂಜೆ ಅಮ್ಮನಿಗೆ ನೀನೇ ಹೇಳು, ನಾನು ಪಕ್ಕದಲ್ಲಿರ್ತೀನಿ. ತೆಗೆದಿಟ್ಟಿದ್ದೀಯಲ್ಲ, ಸೋಮವಾರ ಅದನ್ನ ಪೊಲೀಸರಿಗೆ ತೋರಿಸೋಣ. ಗಿಣಿಗೆ ಪಂಜರದ ಅಳತೆ ನಾನು ತಗೋತೀನಿ."

"ದೂರನ್ನ ನಾನು ಓದ್ತೀನಿ" ಎಂದರು ತಾತ. "ಠಾಣೆಯವರೆಲ್ಲ ಎದ್ದು ನಿಲ್ಲಬೇಕು."

ಬಾಬಿನ್ ಮೊದಲು ಅತ್ತಳು, ಅಳುತ್ತಲೇ ನಕ್ಕಳು. ನರಿಮರಿ ನರಿಯ ಗೊಂಬೆಯಿಂದಲೇ ಅವಳ ಕೆನ್ನೆ ಒರೆಸಿದಳು. ಆಮೇಲೆ ಆ ಮೆಟ್ಟಿಲುಗಳೇ ರಂಗವಾದವು. ತಾತನ ದನಿಗೆ ದಾರಿಹೋಕರು ನಿಂತರು, ಅವರನ್ನು ನೋಡಿ ಇನ್ನಷ್ಟು ಜನ ನಿಂತರು. ರಾಕ್ಷಸ ಬೆಟ್ಟಕ್ಕೆ ಗುದ್ದಿದಾಗ ಹಾಲಿನ ಕ್ಯಾನಿನ ಸೈಕಲ್ಲಿನವನೊಬ್ಬ ಸೈಕಲ್ಲು ಬೀಳಿಸಿಕೊಂಡು ನಕ್ಕ. ನರಿಗೊಂಬೆಯ ಅಂಗಿಗೆ ತೋಳು ಉದ್ದವಾಯಿತೆಂದು ದೊಡ್ಡಮ್ಮ, ಆಗಲಿಲ್ಲವೆಂದು ತಾತ. ಅವರಿಬ್ಬರ ಜಗಳಕ್ಕೆ ಗೊಂಬೆಯಾಟಕ್ಕಿಂತ ಹೆಚ್ಚು ಚಪ್ಪಾಳೆ ಬಿತ್ತು. ಒಳಗಿನಿಂದ ಲೈಬ್ರರಿಯಮ್ಮ ಬಂದರು. ಮತ್ತೆ ಬೆರಳು ಎತ್ತುತ್ತಾರೇನೋ ಎಂದು ಎಲ್ಲರೂ ಗಪ್‌ಚುಪ್ಪಾದರೆ, ಅವರು ಕುರ್ಚಿ ತಂದು ಹಾಕಿಕೊಂಡು ಕುಳಿತರು.

ಸಂಜೆ ಬಸ್ಸಿನಲ್ಲಿ ಬಾಬಿನ್ ಕಿಟಕಿಯ ಪಕ್ಕ ಕುಳಿತಳು. ಚೀಲದ ಗೊಂಬೆಗಳನ್ನು ಬೆರಳಿಗೆ ಹಾಕಿ ತೆಗೆಯುತ್ತಾ ಎರಡು ಸ್ಟಾಪು ಕಳೆದಳು. ಮೂರನೆಯದರಲ್ಲಿ, ಯಾರೂ ಕೇಳದೆ, "ದೊಡ್ಡಮ್ಮ, ನರಿಮರಿಗೆ ಇಂಜಿನ್ ಡ್ರೈವರ್ ಆಗೋ ಆಸೆ, ತಾತನಿಗೆ ಇನ್ನೂ ಹೇಳಿಲ್ಲ" ಎಂದು ಶುರುಮಾಡಿದಳು. ಅಲ್ಲಿಂದ ಗಣಿತದ ಮೇಷ್ಟರ ಸಿಡುಕು, ಕ್ಲಾಸಿನಲ್ಲಿ ಯಾರೋ ಯಾರಿಗೋ ಬರೆದ ಚೀಟಿ, ಅದನ್ನು ಯಾರು ಓದಿದರು, ಗುಂಪಿನಲ್ಲಿ ಯಾರು ಒಳ್ಳೆಯವರು, ಯಾರ ಮಾತು ತನಗೆ ಸರಿಬರುವುದಿಲ್ಲ, ಎಲ್ಲವೂ ಒಂದರ ಬಾಲ ಹಿಡಿದು ಇನ್ನೊಂದು ಬಂದವು.

ದೊಡ್ಡಮ್ಮ "ಹೂಂ" ಎಂದಳು. "ಆಮೇಲೆ?" ಎಂದಳು. ತಾವು ಇಳಿಯಬೇಕಾದ ಸ್ಟಾಪು ಕಿಟಕಿಯಾಚೆ ಬಂದು ನಿಂತಿತು. ಇಬ್ಬರು ಇಳಿದರು, ನಾಲ್ವರು ಹತ್ತಿದರು. ಕಂಡಕ್ಟರು ಅವಳ ಕಡೆ ನೋಡಿದ. ಅವಳು ಚೀಲವನ್ನು ಇನ್ನಷ್ಟು ಮಡಿಲಿಗೆಳೆದುಕೊಂಡು, ಹುಡುಗಿಯ ಮಾತು ನಿಲ್ಲದಂತೆ, ಸದ್ದಿಲ್ಲದೆ ಎರಡು ಬೆರಳು ಎತ್ತಿ, ಕೊನೆಯ ಸ್ಟಾಪಿಗೆ ಇನ್ನೆರಡು ಟಿಕೆಟ್ ಕೇಳಿದಳು.