ಪಾಯಪ್ಪಜ್ಜನ ಕಿವಿ

ವಿಶ್ರಾಮಬಾಗದ ಮೂರನೇ ಮಾಳಿಗೆಯ ಹೊಸ ಫ್ಲ್ಯಾಟಿನಲ್ಲಿ ಆ ದಿನ ಎರಡು ಕೆಲಸ ಆಗಬೇಕಿತ್ತು. ಮೊದಲು ಹಿರಿಸೊಸೆ ಸ್ವಪ್ನಾಲಿಯನ್ನು ಕೂಸಿನ ಸಮೇತ ಲಿಂಗನೂರಿನ ತವರಿಗೆ ಸಾಗಹಾಕುವುದು. ಅದು ಮುಗಿದ ಮೇಲೆ ಮೃಣಾಲಳಿಗೂ ಕಿರಿಮಗ ಸೌರಭನಿಗೂ ಸಕ್ಕರೆಪುಡಿಕೆ ಕೊಟ್ಟು ಸಾಖರಪುಡಾ ಮಾಡಿ ಮದುವೆ ಗಟ್ಟಿ ಮಾಡುವುದು. ಎರಡಕ್ಕೂ ಯಜಮಾನಿ, ಮನೆಯ ಇಬ್ಬರು ಗಂಡುಮಕ್ಕಳ ತಾಯಿ ಶಾಲನ ಅತ್ತಿ. ಹೊರಗೆ ಹೋಗುವವಳೂ ಒಳಗೆ ಬರುವವಳೂ ಅವಳ ಇಬ್ಬರು ಅಣ್ಣಂದಿರ ಮಕ್ಕಳೇ.

ಸ್ವಪ್ನಾಲಿ ಮಾಡಿದ ತಪ್ಪು ಇಷ್ಟೇ: ಅವಳ ನಾಲ್ಕು ತಿಂಗಳ ಕೂಸಿನ ಲಂಗೋಟಿಗಳು ಒದ್ದೆಯಾದರೆ ಕರ್ರಗಾಗುತ್ತಿದ್ದವು. ಹೊಸದಾಗಿ ತಂದ ವಾಶಿಂಗ್ ಮಶೀನಿಗೆ, ಟಿವಿಯಲ್ಲಿ ತೋರಿಸುವ ಪುಡಿ ಸುರಿದು ಹಾಕಿದರೆ ಮಂದಿಯ ಅಂಗಿಗಳು ಬೆಳ್ಳಗಾಗಿ ಹೊರಬರುತ್ತಿದ್ದವು, ಲಂಗೋಟಿ ಮಾತ್ರ ಡಾಂಬರು ಮೆತ್ತಿದಂತೆ.

"ಇದು ನಮ್ಮ ರಕ್ತದ್ದಲ್ಲ," ಅತ್ತಿ ಸೋಫಾದ ಮೇಲೆ ಕೂತು ತೀರ್ಪು ಕೊಟ್ಟಳು. "ಇಕಿ ಅವ್ವ ಸರುಬಾಯಿ ಕಡೀದು. ಏನ ಮಾಟ ಮಾಡ್ಯಾರೋ, ಏನ ತಿನ್ನಿಸ್ಯಾರೋ."

"ಬರೇ ನನ್ನ ಹಾಲ ಕುಡಸೇನ್ರಿ ಅತ್ತಿ."

"ಹಾಲೇ ಕರಿ ಇದ್ರ ಏನ ಮಾಡ್ತಿ?"

ಸ್ವಪ್ನಾಲಿಯ ಗಂಡ ಅಭಿಜಿತ ತಮ್ಮ ಸೌರಭನ ಪಕ್ಕ ಕೂತು ರಿಮೋಟ್ ಒತ್ತುತ್ತ ಕ್ರಿಕೆಟ್ ಹುಡುಕುತ್ತಿದ್ದ. ಮೃಣಾಲಳ ತಾಯಿ ಮಂಗಲ ಸೀರೆಯ ಅಂಚು ನೋಡುತ್ತ ಕೂತಿದ್ದಳು. ಗೋಡೆಯ ಮೇಲೆ ಗಂಧದ ಹಾರ ಹಾಕಿಕೊಂಡು ಪಾಯಪ್ಪಜ್ಜನ ಫೋಟೊ. ಅತ್ತಿಯ ತಂದೆ. ಬೆನ್ನು ಬಿಲ್ಲಾಗಿ, ಮೊಳಕಾಲು ಮಡಚಲಾರದೆ ತನ್ನೂರು ಮ್ಹೈಸಾಳದ ಮನೆಕಟ್ಟೆಯ ಮೇಲೆ ಹದಿನೆಂಟು ವರ್ಷ ಕೂತೇ ಇದ್ದವನು. ಕಿವಿಗಳು ಮಾತ್ರ ಶಾಯಿಯಲ್ಲಿ ಅದ್ದಿದ ಹಾಗೆ ನೀಲಿ. ಬಂದವರಿಗೆಲ್ಲ ಅತ್ತಿ ಅದನ್ನು ತೋರಿಸುತ್ತಿದ್ದಳು: "ಪಾರ್ಶ್ವನಾಥ ಸ್ವಾಮಿ ಬಣ್ಣ ನೋಡ್ರಿ! ಪುಣ್ಯವಂತರಿಗೆ ಬರೂದು."

ಮೃಣಾಲ ಆ ಕಿವಿಗಳನ್ನೇ ನೋಡುತ್ತಿದ್ದಳು.

ಎರಡು ತಿಂಗಳ ಹಿಂದೆ, ಮುಂಜಾನೆ ಹಾಸಿಗೆ ಬಿಟ್ಟೇಳಲು ಬೆನ್ನು ಬಿಡದೆ, ತಾಯಿಯೊಂದಿಗೆ ಮಿರಜಿನ ಒಂದು ಆಸ್ಪತ್ರೆಗೆ ಹೋಗಿದ್ದಳು. ಅವಳಿಗೆ ಬರೀ ಇಪ್ಪತ್ನಾಲ್ಕು ವಯಸ್ಸು. ಡಾಕ್ಟರು ಅವಳ ಮೂತ್ರಕ್ಕೆ ಬಟ್ಟೆ ಒಗೆಯುವ ಸೋಡಾ ಒಂದಿಷ್ಟು ಬೆರೆಸಿ ತೋರಿಸಿದ್ದರು. ಕಣ್ಣೆದುರೇ ಕಪ್ಪಾಯಿತು. "ಹೆಚ್ಚಿಟ್ಟ ಬದನಿಕಾಯಿ ಗಾಳಿಗೆ ಕರ್ರಗಾಗತದಲ್ಲ, ಹಂಗ. ನಿನ್ನ ಮೈಯಾಗ ಒಂದ ಆಮ್ಲ ಒಡೀಲಾರದ ಉಳೀತದ. ಅದು ಆಕ್ಸಿಜನ್ ಕೂಡಿ ಒಳಗೂ ಕಪ್ಪಾಗಿ, ಕೀಲಿನಾಗಿನ ಮೆತ್ತನ ಎಲುಬನ್ನ ಪೆಡಸು ಮಾಡಿ ಒಡೀತದ. ತಾಯಿ ತಂದಿ ಇಬ್ಬರೂ ಕೊಟ್ರ ಮಾತ್ರ ಈ ರೋಗ ಬರ್ತದ. ನಿಮ್ಮ ಮನ್ಯಾಗ ಯಾರದರೆ ಕಿವಿ ನೀಲಿ ಅದಾವೇನು?"

ಆಸ್ಪತ್ರೆಯ ಮೆಟ್ಟಿಲಲ್ಲೇ ಅವ್ವ ಅವಳ ಕೈ ಹಿಡಿದು ಹೇಳಿದ್ದಳು: "ಮದಿವಿ ಆಗೂತನಕ ಬಾಯಿ ಬಿಟ್ಟಿ ಅಂದ್ರ ನನ್ನ ಹೆಣಾ ನೋಡ್ತಿ." ಮೃಣಾಲ ಮೊದಲೇ ಮಾತಿನವಳಲ್ಲ. ಸುಮ್ಮನಿರುವುದು ಅವಳಿಗೆ ಕಷ್ಟವೇನೂ ಆಗಿರಲಿಲ್ಲ, ಇವತ್ತಿನವರೆಗೆ.

ಕೆಳಗೆ ಜೀಪಿನ ಹಾರ್ನ್ ಕೇಳಿತು. ಸ್ವಪ್ನಾಲಿಯ ಅಣ್ಣ ಬಂದಿದ್ದ. ಅವಳು ಕೂಸನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಬ್ಯಾಗು ಹಿಡಿದಳು.

ಮೃಣಾಲ ಎದ್ದಳು. ಅಡುಗೆಮನೆಯಿಂದ ಮಾವಿನ ಮುರಂಬದ ಖಾಲಿ ಬಾಟಲಿ ತೆಗೆದುಕೊಂಡು ಬಚ್ಚಲಿಗೆ ಹೋದಳು. ಬರುವಾಗ ಮಶೀನಿನ ಮೇಲಿದ್ದ ಪುಡಿಯ ಡಬ್ಬಿಯನ್ನೂ ತಂದಳು. ಸಕ್ಕರೆಪುಡಿಕೆ, ತೆಂಗಿನಕಾಯಿ ಇಟ್ಟಿದ್ದ ಟೀಪಾಯಿಯ ಮೇಲೆ ಬಾಟಲಿ ಇಟ್ಟಳು. ಒಂದು ಚಮಚ ಪುಡಿ ಹಾಕಿ ಅಲ್ಲಾಡಿಸಿದಳು.

"ಏನ ಅದು?"

"ನನ್ನ ಉಚ್ಚಿ, ಅತ್ತಿ."

ಅತ್ತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಛೀ! ಸಾಖರಪುಡಾದ ತಾಟಿನ ಬಾಜೂಕ! ಮಂಗಲಾ, ನಿನ್ನ ಮಗಳಿಗೆ ತಲಿ ಕೆಟ್ಟೇತೇನ?"

ಬಾಟಲಿಯೊಳಗಿನದು ಚಹಾದ ಬಣ್ಣಕ್ಕೆ ತಿರುಗಿತು. ಆಮೇಲೆ ಕಾಫಿ. ಆಮೇಲೆ ಆ ಲಂಗೋಟಿಗಳದೇ ಬಣ್ಣ. ಮೃಣಾಲ ಅದನ್ನೆತ್ತಿ ಅತ್ತಿಯ ಮುಖದ ಮುಂದೆ ಹಿಡಿದಳು.

"ನನ್ನವ್ವನೂ ಮಾಟಾ ಮಾಡ್ಯಾಳೇನ್ರಿ? ಅಜ್ಜನ ಕಿವಿ ನೀಲಿ ಇದ್ರ ದೇವರ ಬಣ್ಣ, ಕೂಸಿನ ಉಚ್ಚಿ ಕರಿ ಇದ್ರ ತಾಯಿ ಮಾಟಗಾತಿ! ಎರಡೂ ಒಂದೇ ರೋಗರೀ. ಅಜ್ಜನಿಂದ ನಿಮಗೂ ನಿಮ್ಮ ಅಣ್ಣಂದಿರಿಗೂ ಬಂದೈತಿ; ನಿಮ್ಮಿಂದ ಅಭಿಜಿತ ಮಾವಗ, ಅಕ್ಕನ ಅಪ್ಪನಿಂದ ಸ್ವಪ್ನಾಲಿ ಅಕ್ಕಗ. ಅಕ್ಕ ಒಬ್ಬಾಕಿ ಕೊಟ್ಟಿದ್ರ ಈ ಕೂಸಿಗೆ ಏನೂ ಆಗತಿದ್ದಿಲ್ಲ."

"ನನಗೇನ ಆಗೇತಿ? ಕಲ್ಲಿನಂಗ ಅದೇನಿ!"

"ನಿಮಗ ಆಗೂದಿಲ್ರಿ. ನೀವು ಬರೇ ದಾಟಸ್ತೀರಿ."

ಅಭಿಜಿತ ಟಿವಿ ಬಂದ್ ಮಾಡಿದ. ಫೋಟೊ ನೋಡಿದ, ಬಾಟಲಿ ನೋಡಿದ, ಕೊನೆಗೆ ಹೆಂಡತಿಯ ಮುಖ ನೋಡಿದ. "ಬ್ಯಾಗ ಒಳಗಿಡು," ಎಂದ.

ಸ್ವಪ್ನಾಲಿ ಇಡಲಿಲ್ಲ. "ನೀವೇ ಇಡ್ರಿ," ಎಂದಳು. ಅವನು ಎದ್ದು ಬಂದು ಇಟ್ಟ.

ಅತ್ತಿ ಸಕ್ಕರೆಪುಡಿಕೆಯನ್ನು ಎತ್ತಿ ಒಳಗೊಯ್ದಳು. "ಇಂಥಾ ಹುಡುಗಿ ನಮ್ಮ ಮನಿಗೆ ಬ್ಯಾಡ," ಎಂಬುದು ಅಡುಗೆಮನೆಯಿಂದ ಕೇಳಿಸಿತು. ಸೌರಭ ತಲೆ ಎತ್ತಲೇ ಇಲ್ಲ.

"ನಾಳೆ ಕೂಸಿನ್ನ ಮಿರಜಿಗೆ ಕರಕೊಂಡ ಬಾ ಅಕ್ಕ," ಎಂದು ಮೃಣಾಲ ಚಪ್ಪಲಿ ಮೆಟ್ಟಿದಳು.

ತಾಯಿ ಮಗಳು ರಿಕ್ಷಾ ಹಿಡಿದು ಮಿರಜಿನ ಕಡೆ ಹೊರಟರು. ರಸ್ತೆಯ ಎರಡೂ ಬದಿಗೆ ಹೊಸ ಅಪಾರ್ಟಮೆಂಟುಗಳ ಕಂಬಗಳು ನಿಂತಿದ್ದವು. ಮಿರಜ ಹತ್ತಿರವಾದಾಗ ಅವ್ವ ತಾನಾಗಿಯೇ ಬಾಯಿಬಿಟ್ಟಳು.

"ನೀ ಕೂಸ ಇದ್ದಾಗ ನಿನ್ನ ಲಂಗೋಟಿ ನಾ ತೊಳೀಲೇ ಇಲ್ಲ. ದಿನಾ ಕಬ್ಬಿನ ಹೊಲಕ್ಕ ಒಯ್ದು ಸುಡತಿದ್ದೆ. ನಿಮ್ಮತ್ತಿ ಕಣ್ಣಿಗೆ ಬಿದ್ರ ನನ್ನೂ ಹಿಂಗೇ ಹೊರಗ ಹಾಕತಿದ್ಲು."

ಮೃಣಾಲ ತಾಯಿಯ ಕಡೆ ತಿರುಗಿದಳು. ಅಳು ಬರಬೇಕಿತ್ತು. ಬಂದದ್ದು ಸಿಟ್ಟೇ.

"ಮತ್ತ ನಾಕ ತಿಂಗಳಾತು ಅಕ್ಕನ್ನ ಬೈತಿದ್ರು. ನಿನಗ ಗೊತ್ತಿತ್ತು. ಆ ಸೀರಿ ಅಂಚಿನಾಗ ಏನ ನೋಡಕೋತ ಕುಂತಿದ್ದಿ ಅವ್ವಾ?"

ಅವ್ವನ ಬೆರಳು ಮತ್ತೆ ಸೀರೆಯ ಅಂಚಿಗೇ ಹೋಯಿತು.