ಶಾರಿಪಾಳ ಬುಟ್ಟಿಗಳು

"ಅತ್ತಕಡೆ ತಿರುಗಿ ಕೂತ್ಕೊಳೇ," ಎಂದು ಬಾತ್ಮಾ ಶಾರಿಪಾಳ ಭುಜ ಹಿಡಿದು ಅವಳನ್ನು ಗೋಡೆಯ ಕಡೆಗೆ ತಿರುಗಿಸಿದಳು. "ಗಂಡ ಹೋದವಳು ಬಾಗಿಲಿಗೆ ಮುಖ ಮಾಡ್ಕೊಂಡು ಕೂರ್ತಾಳೇನೆ? ಹಾಡಿಕೊಂಡು ಅಳು. ಆಗ್ಲಿಂದ ಬಾಯಿಗೆ ಬೀಗ ಹಾಕ್ಕೊಂಡಿದೀಯ. ಬಂದೋರು ಏನಂದ್ಕೋತಾರೆ?"

ಓರಗಿತ್ತಿ ಹೇಳಿದಂತೆ ಶಾರಿಪಾ, ಸಾವಿಗೆಂದು ಮನೆಯಂಗಳದಲ್ಲಿ ಹಾಕಿದ್ದ ಗುಡಾರದ ಉಣ್ಣೆಗೋಡೆಗೆ ಮುಖ ಕೊಟ್ಟು ಕುಳಿತಳು. ಪರದೆಯ ಆಚೆ ಗಂಡ ತುರ್ದಾಕುನ್ ಮಲಗಿದ್ದ. ಬೆಳಿಗ್ಗೆಯೇ ನಾಲ್ವರು ಗಂಡಸರು ಮೈ ತೊಳೆದು ಬಿಳಿ ಬಟ್ಟೆ ಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಎತ್ತುತ್ತಾರೆ. ಆಮೇಲೆ ಗಂಡಸರು ಗುಡ್ಡದ ಮೇಲಿನ ಗೋರಿಗಳ ಕಡೆಗೆ, ಹೆಂಗಸರು ಇಲ್ಲೇ. ಹೇಳುವುದೇನಾದರೂ ಇದ್ದರೆ ಅಷ್ಟರೊಳಗೆ ಹೇಳಬೇಕು.

ಹೇಳುವುದಿದ್ದದ್ದು ಒಂದೇ ಮಾತು. ಅದನ್ನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲವೆಂದು ಅವಳು ರೊಟ್ಟಿ ಮುಟ್ಟಿ ಆಣೆ ಇಟ್ಟಿದ್ದಳು.

ಹೊರಗೆ ಮತ್ತೊಂದು ಗುಂಪು ಬಂತು. "ಓ ನನ್ನ ಕರುಳೇ!" ಎಂದು ಗಂಡಸರು ದೂರದಿಂದಲೇ ಗೋಳಿಡುತ್ತ ಬಂದರು. ಸತ್ತವನ ಅಣ್ಣ ಸಾತಾರ್ ಕೋಲೂರಿ ನಿಂತು ಅವರನ್ನು ಬರಮಾಡಿಕೊಳ್ಳುತ್ತಿದ್ದ. ಉಣ್ಣೆಯ ಗೋಡೆ ಗಾಳಿಯನ್ನು ತಡೆಯುತ್ತದೆ, ಮಾತನ್ನಲ್ಲ.

"ಏನ್ ಮಾಡೋದಪ್ಪ," ಎಂದ ಸಾತಾರ್. "ಗಣೀಲಿ ಸೊಂಟ ಮುರಕೊಂಡು ಹದಿನಾಲ್ಕು ವರ್ಷ ಹಾಸಿಗೆ ಹಿಡಿದ. ಕೂತಲ್ಲೇ ತಿಂದ. ಪುಣ್ಯಾತ್ಗಿತ್ತಿ ಹೆಂಡ್ತಿ, ಬುಟ್ಟಿ ಹೆಣೆದು ಹೆಣೆದು ಸಾಕಿದ್ಲು."

"ನಮ್ಮನೇಲೂ ಐತೆ ಅವಳ ಬುಟ್ಟಿ. ಮೇಲೆ ಕುರಿ ಹತ್ತಿ ನಿಂತ್ರೂ ಬಗ್ಗಲ್ಲ!"

"ಹೂಂ. ಅವಳಿರದಿದ್ರೆ ಇವನು ಎಂದೋ ಹೋಗಿರ್ತಿದ್ದ."

ಬೆಳಗಿನಿಂದ ಇದು ನಾಲ್ಕನೆಯ ಸಲ. ಗುಂಪು ಬಂದಾಗಲೆಲ್ಲ ಸಾತಾರ್ ತಮ್ಮನನ್ನು ಅದೇ ಎರಡು ಮಾತಿನಲ್ಲಿ ಮುಗಿಸುತ್ತಿದ್ದ. ಕೂತಲ್ಲೇ ತಿಂದವನು.

*

ಆಸ್ಪತ್ರೆಯಿಂದ ಬಂದ ವರ್ಷ ತುರ್ದಾಕುನ್ ಜೇಬಿನಲ್ಲಿ ತುದಿಗೆ ಕೊಕ್ಕೆಯಿರುವ ಒಂದು ಕ್ರೋಷಾ ಕಡ್ಡಿ ತಂದಿದ್ದ. ಬೆರಳಿನಲ್ಲಾದರೂ ಜೀವ ಉಳಿಯಲೆಂದು ಅಲ್ಲಿಯ ಮುದುಕಿ ದಾದಿಯೊಬ್ಬಳು ಕಲಿಸಿದ್ದಳಂತೆ. ನೂಲು ಎಲ್ಲಿಂದ ಬರಬೇಕು? ಚಳಿಗಾಲದಲ್ಲಿ ದನಕ್ಕೆ ಹುಲ್ಲಿನ ಪಿಂಡಿ ಬಿಚ್ಚಿದಾಗ ಬಿಸಾಡುವ ಸೆಣಬಿನ ಹುರಿಯನ್ನೇ ಅವನು ಕೂಡಿಹಾಕಿಸಿದ. ಆ ಕಡ್ಡಿ ಹುರಿಗೆ ಸಾಲದೆ ಹೋದಾಗ ಬೇಲಿಯ ಕಟ್ಟಿಗೆಯಲ್ಲಿ ದಪ್ಪನೆಯದೊಂದು ಕೆತ್ತಿಕೊಂಡ.

ಎರಡೆಳೆ ಜೊತೆ ಮಾಡಿ, ಆ ದಪ್ಪಕ್ಕೆ ಬೇಕಾದದ್ದಕ್ಕಿಂತ ಸಣ್ಣ ಕೊಕ್ಕೆಯಲ್ಲಿ ಬಿಗಿಯಾಗಿ ಹೆಣೆಯುತ್ತಿದ್ದ. ತಳ ಗುಂಡಗೆ, ಪ್ರತಿ ಸುತ್ತಿಗೂ ಆರು ಕಣ್ಣು, ಅಂದರೆ ಕುಣಿಕೆ, ಹೆಚ್ಚಿಸುತ್ತ. ತಳ ಸಾಕಾದಾಗ ಹೆಚ್ಚಿಸುವುದನ್ನು ನಿಲ್ಲಿಸಿ, ಒಂದು ಸುತ್ತು ಪ್ರತಿ ಕಣ್ಣಿನ ಹಿಂದಿನ ಎಳೆಯಲ್ಲಷ್ಟೇ ಕೊಕ್ಕೆ ತೂರಿಸಿದರೆ ಬುಟ್ಟಿಯ ಗೋಡೆ ತಾನಾಗಿ ಎದ್ದು ನಿಲ್ಲುತ್ತಿತ್ತು. ಕಲ್ಲಿದ್ದಲು ಒಡೆದ ಮುಷ್ಟಿ. ಒಂದೊಂದು ಕುಣಿಕೆಯನ್ನೂ ಹಲ್ಲು ಕಚ್ಚಿ ಎಳೆಯುತ್ತಿದ್ದ.

ಮೊದಲ ಬುಟ್ಟಿ ಮುಗಿಯುವ ದಿನವೇ ಸಾತಾರ್ ಒಳಗೆ ಬಂದ.

"ಏನೋ ಇದು?"

"ಬುಟ್ಟಿ ಅಣ್ಣ. ಒಣಮೊಸರಿನ ಉಂಡೆ ಇಡೋಕೆ."

"ಹೆಂಗಸರ ಹಂಗೆ ಹೆಣೀತಾ ಕೂತಿದೀಯಾ? ನಾಳೆ ಲಂಗಾನೂ ಹಾಕ್ಕೊ. ನಮ್ಮಪ್ಪನ ಹೆಸರು ಹೇಳ್ಕೊಂಡು ಊರಲ್ಲಿ ತಲೆ ಎತ್ತಿ ಓಡಾಡೋದು ಬ್ಯಾಡ್ವಾ ನಾನು?"

ಬುಟ್ಟಿ ಕಿತ್ತುಕೊಂಡು ಉರಿಯುವ ಒಲೆಗೆ ತುರುಕಿದ. ಅದು ಎಷ್ಟು ಗಟ್ಟಿಯಿತ್ತೆಂದರೆ ಒಲೆಯ ಬಾಯಲ್ಲಿ ಸಿಕ್ಕಿಕೊಂಡಿತು. ಕೈಯಿಂದ ಒತ್ತಿ ತಳ್ಳಬೇಕಾಯಿತು. ತಮ್ಮ ಎದ್ದು ತಡೆಯಲಾರ, ಅದು ಅಣ್ಣನಿಗೂ ಗೊತ್ತಿತ್ತು. ಅಂಥ ಹೊತ್ತಿನಲ್ಲಿ ದೊಡ್ಡವನಾಗಲು ಹೆಚ್ಚೇನೂ ಬೇಕಾಗುವುದಿಲ್ಲ.

ಆಮೇಲೆ ತುರ್ದಾಕುನ್ ಬಾಗಿಲಿಗೆ ಅಗಣಿ ಹಾಕಿಸಿಕೊಂಡೇ ಹೆಣೆದ. ನೆರೆಮನೆಯ ಕೆನ್ಜೆ ಎರಡನೆಯ ಬುಟ್ಟಿ ನೋಡಿ "ನೀನಾ ಮಾಡಿದ್ದು?" ಎಂದು ಶಾರಿಪಾಳನ್ನು ಕೇಳಿದಾಗ, ಹಾಸಿಗೆಯಿಂದಲೇ "ಹೂಂ, ಅವಳೇ" ಎಂದ. ಅಂದು ಸಂಜೆ ರೊಟ್ಟಿಯನ್ನು ಅವಳ ಕೈಗಿಟ್ಟು, "ಆಣೆ ಮಾಡು. ನಂಗೆ ನಗೆಪಾಟಲಾಗೋದು ಬ್ಯಾಡ," ಎಂದ. ಅವಳು ಮಾಡಿದಳು. ಊರವರು ಹಿಟ್ಟು ತಂದರು, ಬೆಣ್ಣೆ ತಂದರು, ಬುಟ್ಟಿ ಒಯ್ದರು. ಹೊಗಳಿಕೆ ಅವಳಿಗೆ ಬಂತು. ಅವನು ಗೋಡೆಗೊರಗಿ ಕೇಳಿಸಿಕೊಳ್ಳುತ್ತಿದ್ದ. ಒಮ್ಮೊಮ್ಮೆ ಖುಷಿಯಾದಂತೆಯೂ ಕಾಣುತ್ತಿತ್ತು. ಅದೇ ಅವಳಿಗೆ ತಡೆಯಲಾಗದ ಸಂಗತಿಯಾಗಿತ್ತು.

*

ಎತ್ತಲು ಆರು ಜನ ಒಳಗೆ ಬಂದರು. ಮುಂದೆ ಸಾತಾರ್. ಹೆಂಗಸರ ಗೋಳು ಒಮ್ಮೆಲೇ ಏರಿತು.

ಶಾರಿಪಾ ಗೋಡೆ ಬಿಟ್ಟು ತಿರುಗಿದಳು. ರೊಟ್ಟಿಯ ಆಣೆ ಬಡಿದರೆ ಬಡಿಯಲಿ ಎಂದುಕೊಂಡಳು.

"ಬಾವ! ಬುಟ್ಟಿ ಅವರೇ ಹೆಣೆದದ್ದು ಅಂತ ಹೇಳಿ. ಪ್ರಾರ್ಥನೆ ಹೊತ್ತಲ್ಲಿ ಹೇಳಿ. ಹದಿನಾಲ್ಕು ವರ್ಷ ನಾನೇ ಅವರ ದುಡಿಮೇಲಿ ತಿಂದೆ. ನಿಮಗೆ ಗೊತ್ತು. ಮೊದಲನೇದನ್ನ ಒಲೆಗೆ ಹಾಕಿದ್ದು ನೀವೇ!"

ಸಾತಾರ್‌ನ ಕೈ ಚಟ್ಟದ ಮೇಲೆ ಒಂದು ಗಳಿಗೆ ನಿಂತಿತು.

"ಹೆಂಗಸರನ್ನ ಹಿಡ್ಕೊಳ್ರೋ," ಎಂದ. ಎತ್ತಿದರು.

ಬಾತ್ಮಾ ಅವಳನ್ನು ತಬ್ಬಿ ಹಿಡಿದಳು. ಹೊರಗೆ ಸಾಲು ನಿಂತರು, ಪ್ರಾರ್ಥನೆಯಾಯಿತು. ಮುಲ್ಲಾ ಎಂದಿನಂತೆ ಗಟ್ಟಿಯಾಗಿ ಕೇಳಿದ: "ಜನರೇ, ಎಂಥವನಾಗಿದ್ದ ಇವನು?"

"ಒಳ್ಳೆಯವನಾಗಿದ್ದ," ಎಂದರು ಎಲ್ಲರೂ.

ಶಾರಿಪಾ ಒಳಗಿನಿಂದಲೇ ಕಿವಿಗೊಟ್ಟು ಕಾದಳು. ಮನೆಯ ಪರವಾಗಿ ಅಣ್ಣ ಮಾತಾಡಬೇಕು.

"ಪಾಪದವನು," ಎಂದ ಸಾತಾರ್. "ಭಾರವಾಗಿದ್ದ, ನಿಜ. ಬೇಕು ಅಂತ ಆಗಿದ್ದಲ್ಲ. ಮನ್ನಿಸಿಬಿಡಿ."

ಹೆಜ್ಜೆಗಳ ಸದ್ದು ಗುಡ್ಡದ ಕಡೆ ಹೋಯಿತು.

*

"ದುಃಖಕ್ಕೆ ತಲೆ ಕೆಟ್ಟಿದೆ ಪಾಪ," ಎಂದಳು ಒಬ್ಬಳು.

ಕೆನ್ಜೆ ಎದ್ದು ಮನೆಯೊಳಗೆ ಹೋಗಿ, ಹಾಸಿಗೆಯ ಪಕ್ಕದಲ್ಲಿದ್ದ ಅರ್ಧ ಹೆಣೆದ ಬುಟ್ಟಿಯನ್ನೂ ಕಟ್ಟಿಗೆಯ ಕಡ್ಡಿಯನ್ನೂ ತಂದು ಶಾರಿಪಾಳ ಮಡಿಲಿಗೆ ಹಾಕಿದಳು.

"ಹತ್ತು ಕಣ್ಣು ಹಾಕೇ."

"ಬ್ಯಾಡ ಕೆನ್ಜೆ."

"ಹಾಕು ಅಂದೆ."

ಶಾರಿಪಾ ಕಡ್ಡಿ ಹಿಡಿದಳು. ಅದು ಅವಳ ಅಂಗೈಗೆ ತೀರ ದಪ್ಪ. ತೂರಿಸಲು ಹೋದರೆ ಅವನು ಬಿಗಿದ ಕಣ್ಣು ಬಿಟ್ಟುಕೊಡಲೇ ಇಲ್ಲ. ಎರಡು ಕೈಯಿಂದ ಒತ್ತಿ ಹೇಗೋ ತೂರಿಸಿದರೆ ಹುರಿ ಕೊಕ್ಕೆಯಿಂದ ಜಾರಿತು. ಮೂರನೆಯ ಸಲಕ್ಕೆ ಒಂದು ಕುಣಿಕೆ ಬಂತು. ಸಾಲಿನ ಕೊನೆಯಲ್ಲಿ ಅದು ಸಡಿಲವಾಗಿ ಜೋತುಬಿತ್ತು.

ಹೆಂಗಸರು ಬಗ್ಗಿ ನೋಡಿದರು. ಒಬ್ಬಳು ಬುಟ್ಟಿಯ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಇನ್ನೊಬ್ಬಳು ಶಾರಿಪಾಳ ಕೈಯನ್ನು ತಿರುಗಿಸಿ ನೋಡಿದಳು. ಹಾಲು ಕರೆದ ಗುರುತಿತ್ತು, ಹುರಿ ಎಳೆದ ಗುರುತು ಒಂದೂ ಇರಲಿಲ್ಲ.

"ನಾನು ಎಂಥ ಕುರುಡಿ," ಎಂದಳು ಕೆನ್ಜೆ. "ಅವನೆದುರಿಗೇ ನಿಂತು ಇವಳನ್ನ ಹೊಗಳ್ತಿದ್ನಲ್ಲೇ. 'ಗಂಡನೂ ಒಂದು ಕೆಲಸ ಕಲೀಬಾರ್ದಾ' ಅಂತ ಅಣಕಿಸಿದೀನಿ ಕಣ್ರೇ."

ಎಲ್ಲರೂ ಸಾತಾರ್‌ನ ಹೆಂಡತಿ ಬಾತ್ಮಾಳ ಕಡೆ ನೋಡಿದರು.

"ಮೈದುನ ಆಸ್ಪತ್ರೆಯಿಂದ ಬಂದ ಚಳಿಗಾಲ ನಮ್ಮವರು ಕೈ ಸುಟ್ಕೊಂಡು ಬಂದಿದ್ರು," ಎಂದಳು ಅವಳು. "ತಿಂಗಳು ಪೂರ್ತಿ ನಾನೇ ಬೆಣ್ಣೆ ಹಚ್ಚಿದೆ. ಹೆಂಗಾಯ್ತು ಅಂದ್ರೆ ಹೇಳ್ಲಿಲ್ಲ."

"ಈಗ ಹೇಳಿ ಏನು ಬಂತು ಅಕ್ಕ?" ಎಂದಳು ಶಾರಿಪಾ. "ಮಣ್ಣು ಹಾಕ್ತಿರ್ತಾರೆ."

ಆಗಲೇ ಅವಳಿಗೆ ನಿಜವಾದ ಅಳು ಬಂತು. ರಾಗವಿಲ್ಲ, ಪದವಿಲ್ಲ. ಹಾಡು ಎಂದು ಯಾರೂ ಹೇಳಲಿಲ್ಲ.

ಗಂಡಸರು ಇಳಿದು ಬಂದಾಗ ಬಿಸಿಲು ಬಾಡಿತ್ತು. ಸಾತಾರ್ ಬೂಟಿನ ಮಣ್ಣು ಕೊಡವಿ ಒಳಗೆ ಬಂದು ಹಿರಿಯರು ಕೂರುವ ಮೇಲಿನ ಜಾಗದಲ್ಲಿ ಕುಳಿತ. ಹಾಸಿದ ಬಟ್ಟೆಯ ಮೇಲೆ ರೊಟ್ಟಿಯಿತ್ತು, ಮಾಂಸವಿತ್ತು. ಚಹಾದ ಸಮೋವಾರ್ ಪಾತ್ರೆ ಕುದಿಯುತ್ತಿತ್ತು.

"ಮುಗೀತು," ಎಂದ. "ಧೈರ್ಯ ತಂದ್ಕೊಳಮ್ಮ ಶಾರಿಪಾ. ನಿನ್ನ ಕೈ ಇದೆ, ನಿಂಗೇನು ಕೊರತೆ?"

ಚಳಿಗೆ ಕೈ ಉಜ್ಜಿಕೊಂಡು ಅವನು ಚಹಾದ ಬಟ್ಟಲನ್ನು ಮುಂದಕ್ಕೆ ಚಾಚಿದ. ಹತ್ತಿರ ಕುಳಿತಿದ್ದವಳು ತುಂಬಿಸಿಕೊಡಲು ಅದನ್ನು ಈಸಿಕೊಳ್ಳಲಿಲ್ಲ. ಅವಳ ಪಕ್ಕದವಳೂ ಈಸಿಕೊಳ್ಳಲಿಲ್ಲ. ಹನ್ನೆರಡು ಮಂದಿ ಹೆಂಗಸರ ನಡುವೆ ಖಾಲಿ ಬಟ್ಟಲು ಹಾಗೇ ನಿಂತಿತ್ತು. ಅವನು ಹೆಂಡತಿಯ ಕಡೆ ನೋಡಿದ.

ಬಾತ್ಮಾ ಸಮೋವಾರಿನ ಪಕ್ಕದಲ್ಲೇ ಕುಳಿತಿದ್ದಳು. ಅವಳ ಎರಡೂ ಕೈಗಳು ಮಡಿಲಲ್ಲಿದ್ದವು.