ಬರ್ಬನ್ ಪೀಪಾಯಿಯ ಕರಿಬೇವು

ಒಲೆಯ ಮೇಲೆ ಒಗ್ಗರಣೆಗೆ ಎಣ್ಣೆ ಕಾಯುತ್ತಿತ್ತು. ನಾಲ್ಕು ಎಸಳು ಕರಿಬೇವು ಕೀಳಲು ಹಿತ್ತಲಿಗೆ ಬಂದ ಸರಸ್ವತಿಯ ಕೈ ಗಿಡದ ಮೇಲೇ ನಿಂತಿತು. ಆಸ್ಟ್ರೇಲಿಯಾದ ಕ್ರಾನ್‌ಬರ್ನ್‌ನ ಜನವರಿ ಬಿಸಿಲಿಗೆ, ಗಿಡ ನೆಟ್ಟಿದ್ದ ಅರ್ಧ ಕೊಯ್ದ ಮರದ ಪೀಪಾಯಿ ಕಾದು ವಾಸನೆ ಬಿಡುತ್ತಿತ್ತು. ಸುಟ್ಟ ಬೆಲ್ಲದಂಥ ವಾಸನೆ, ಅದರ ಅಡಿಯಲ್ಲಿ ಇನ್ನೊಂದು. ಬೇರೆ ಯಾರನ್ನಾದರೂ ಏಮಾರಿಸಬಹುದು, ರಾಣೆಬೆನ್ನೂರಿನ ರುದ್ರಪ್ಪನ ಹೆಂಡತಿಯನ್ನು ಏಮಾರಿಸಲಾದೀತೇ? ಆ ವಾಸನೆಯ ಪಕ್ಕದಲ್ಲೇ ಅವಳು ಅರ್ಧ ಆಯುಷ್ಯ ಮಲಗಿದ್ದಳು. ಗಂಡನನ್ನು ನುಂಗಿ ನೀರು ಕುಡಿದದ್ದೂ ಅದೇ.

ಪೀಪಾಯಿ ತಂದ ದಿನ ಮಗ ಗುರು, "ನಮ್ಮ ಜ್ಯೂಸ್ ಕಂಪನೀದವ್ವ, ಹಳೇದು" ಅಂದಿದ್ದ. ಅಲ್ಲಿ ಅವನಿಗೆ ಪ್ಯಾಕಿಂಗ್ ಕೆಲಸವಂತೆ. ದಿನಾ ಶಿಫ್ಟ್ ಮುಗಿದ ಮೇಲೆ ಅಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ ಮನೆಗೆ ಬರುತ್ತಿದ್ದ. ಎಂಥ ಅಚ್ಚುಕಟ್ಟಿನ ಮಗ ಎಂದು ಊರಿನವರ ಮುಂದೆ ಫೋನಿನಲ್ಲಿ ಕೊಚ್ಚಿಕೊಂಡಿದ್ದಳು, ಹುಚ್ಚಿ. ಈಗ ಆ ಸ್ನಾನದ ಅರ್ಥವೇ ಬೇರೆಯಾಯಿತು. ನೂಲಿನಂತೆ ಸೀರೆ ಅನ್ನುತ್ತಾರಲ್ಲ, ಇವನೂ ಕುಡಿಯಲು ಶುರು ಹಚ್ಚಿಕೊಂಡನೇ? ಒಲೆ ಆರಿಸಿ ಬಾಗಿಲಲ್ಲಿ ಕೂತಳು. ಹಾಗೇನಾದರೂ ಇದ್ದರೆ ಮುಂದಿನ ವಿಮಾನಕ್ಕೇ ಊರು, ಮತ್ತೆ ಇವನ ಮುಖ ನೋಡುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಗುರು ಬಂದ.

"ಬಾಯಿ ತೆಗಿ."

"ಯಾಕವ್ವ?"

"ತೆಗಿ ಅಂದ್ರ ತೆಗಿ."

ಕೆನ್ನೆಯ ಬಳಿ ಕೂದಲು ನರೆಯುತ್ತಿದ್ದ ಮಗ ಬಗ್ಗಿ ಬಾಯಿ ತೆರೆದ. ಕಾಫಿ, ಅಷ್ಟೇ. ಅವಳಿಗೆ ಹೋದ ಜೀವ ಬಂತು, ಜೊತೆಗೆ ಸಿಟ್ಟೂ ಬಂತು. "ಹಂಗಾರ ಆ ಪೀಪಾಯಿ ಎಲ್ಲೀದು?"

ಗುರು ಮೆಟ್ಟಿಲ ಮೇಲೆ ಕುಸಿದು ಕೂತ. "ಬರ್ಬನ್ ಬ್ಯಾರಲ್ ಅವ್ವ. ಅಮೆರಿಕದ ವಿಸ್ಕೀದು. ನಮ್ಮದು ವಿಸ್ಕಿ ಮಾಡೋ ಕಂಪನಿ. ಖರೇ ಹೇಳಿದ್ರ ನೀ ಇಲ್ಲಿ ಕಾಲಿಡ್ತಿದ್ದಿಲ್ಲ. ಬರ್ಬನ್ನಿಗೆ ಒಳಗ ಸುಟ್ಟ ಹೊಸಾ ಬ್ಯಾರಲ್ಲೇ ಬೇಕು, ಅಲ್ಲಿ ಕಾಯ್ದೆ ಹಂಗೈತಿ. ಒಮ್ಮೆ ತುಂಬಿದ್ದಕ್ಕ ಮತ್ತ ಬರ್ಬನ್ ಹಾಕೋಹಂಗಿಲ್ಲ. ಅದಕ್ಕ ಹಡಗಿನಾಗ ಇಲ್ಲಿಗೆ ಬರ್ತಾವ, ನಾವು ನಮ್ಮ ವಿಸ್ಕಿ ಇಡ್ತೀವಿ. ಲೀಕ್ ಆಗೋವನ್ನ ಕೊಯ್ದು ಗಿಡಕ್ಕ ಕೊಡ್ತಾರ."

"ಎದರಿಂದ ಮಾಡ್ತಾರ ಅದನ್ನ?"

"ಗೋವಿನಜೋಳ."

"ನಮ್ಮ ಹೊಲದಾಗ ಬೆಳೀತಿದ್ವಲ್ಲ, ಅದ?"

"ಅದೇ. ಅಲ್ಲಿ ಹಿಂದಿನ ರೈತರು ಉಳಿದ ಜೋಳ ಕೆಡಬಾರದಂತ ಕಾಸಿದ್ರಂತ. ಈಗ ಅದು ಅವರ ದೇಶದ ಸ್ವತ್ತು, ಪಾರ್ಲಿಮೆಂಟಿನಾಗ ಠರಾವು ಆಗೈತಿ. ಇಲ್ಲಿಯವರು ಅದಕ್ಕ ಕೋಲಾ ಕಲಸಿ ಕ್ಯಾನಿಗೆ ತುಂಬ್ಯಾರ, ಅದಿಲ್ಲದ ಬಾರ್ಬೆಕ್ಯೂನ ಇಲ್ಲ."

"ನಿಮ್ಮಪ್ಪಗ ಯಾರೂ ಠರಾವು ಮಾಡಲಿಲ್ಲ, ಪಾಪ."

ನಗಬಾರದ ಹೊತ್ತಿನಲ್ಲಿ ಇಬ್ಬರಿಗೂ ನಗು ಬಂತು.

"ಕುಡಿಯಂಗಿಲ್ಲಂದ್ರ ಅಲ್ಲಿ ಏನ್ ಮಾಡ್ತಿ?"

"ಮೂಸ್ತೀನಿ. ಖಾಲಿ ಬ್ಯಾರಲ್ ಬಂದ್ರ ಬಾಯಿಗೆ ಮೂಗಿಟ್ಟು ನೋಡ್ಬೇಕು, ಹುಳಿ ಬಂದೈತಾ, ಬೂಸ್ಟು ಹಿಡದೈತಾ ಅಂತ. ನಾ ಹೂಂ ಅಂದ ಮ್ಯಾಲೇ ತುಂಬೋದು. ನನ್ನಂಥ ಮೂಗು ಇನ್ನೊಂದಿಲ್ಲ ಅಂತಾರವ್ವ."

ಅವನ ದನಿಯಲ್ಲಿನ ಹೆಮ್ಮೆ ಅವಳಿಗೂ ತಾಗಿತು. "ಯಾರ್ ಕಲಿಸಿದ್ರೋ ನಿನಗ?"

ಗುರು ಬೂಟಿನ ಲೇಸು ಬಿಚ್ಚುತ್ತ ಹೇಳಿದ: "ನೀನೇ. ಅಪ್ಪ ಬಂದ ಕೂಡ್ಲೇ ನನ್ನ ಕಳಿಸ್ತಿದ್ದಿಯಲ್ಲ, ಬಾಯಿ ಮೂಸಿ ಬಾ ಅಂತ."

ಹೌದು, ಕಳಿಸುತ್ತಿದ್ದಳು. ತಾನು ಹೋದರೆ ಏಟು ಬೀಳುತ್ತಿತ್ತು, ಕೂಸಿನ ಮೇಲೆ ಅವನು ಕೈ ಎತ್ತುತ್ತಿರಲಿಲ್ಲ. ಕೂಸು ಓಡಿಹೋಗಿ ಅಪ್ಪನ ಕೊರಳಿಗೆ ಜೋತುಬೀಳುತ್ತಿತ್ತು, ತಿರುಗಿ ಬಂದು "ಇಲ್ಲವ್ವ, ಇವತ್ತ ಇಲ್ಲ" ಎನ್ನುತ್ತಿತ್ತು. ಸುಳ್ಳೆಂದು ಅವಳಿಗೂ ಗೊತ್ತಿತ್ತು. ನಂಬಿದವಳಂತೆ ಗಂಡನಿಗೆ ತಾಟು ಹಾಕುತ್ತಿದ್ದಳು.

"ಆವಾಗೂ ಸುಳ್ಳೇ ಹೇಳ್ತಿದ್ದಿ," ಎಂದಳು.

"ಇಲ್ಲ ಅಂದ ದಿನ ನೀ ಅಳ್ತಿರಲಿಲ್ಲವ್ವ."

ಸರಸ್ವತಿ ಅವನ ಹತ್ತಿರ ಸರಿದು, ಸೆರಗಿನ ತುದಿಯಿಂದ ಮಗನ ಮೂಗು ಒರೆಸಿದಳು. ಅಲ್ಲಿ ಒರೆಸುವಂಥದ್ದೇನೂ ಇರಲಿಲ್ಲ. ಮತ್ತೆ ಒರೆಸಿದಳು.